ನಿಮ್ಮ ಲೇಖನದಲ್ಲಿ ಬ್ಯಾಕ್ಟೀರಿಯಾವೇ ಕಾಣೆ

ನಮಸ್ಕಾರ,

ನೀವು ಕಳಿಸಿದ ‘ಆಂಟಿಬಯಾಟಿಕ್ ಎಂಬ ಬ್ರಹ್ಮಾಸ್ತ್ರ’ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಸಿಕ್ಕಿಕೊಂಡಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ಬರೀ ಯುದ್ಧ. ಸೈನಿಕರು, ಕೋಟೆ, ಬಾಣ, ಶತ್ರುಸಂಹಾರ. ಎಲ್ಲ ತೆಗೆದುಬಿಡಿ. ಅಲಂಕಾರ ಜಾಸ್ತಿಯಾಯಿತು ಅಂತಲ್ಲ, ಅದರಿಂದ ವಿಷಯವೇ ತಪ್ಪಾಗಿದೆ. ಔಷಧಿ ಬಂದು ಹೊಡೆಯುತ್ತದೆ, ಬ್ಯಾಕ್ಟೀರಿಯಾ ಸುಮ್ನೆ ನಿಂತು ಸಾಯುತ್ತದೆ ಅನ್ನುವ ಹಾಗೆ ಬರೆದಿದ್ದೀರಿ. ಪೆನಿಸಿಲಿನ್ ಮಟ್ಟಿಗೆ ಇದು ಉಲ್ಟಾ. ಸುಮ್ಮನಿರುವ ಬ್ಯಾಕ್ಟೀರಿಯಾಕ್ಕೆ ಅದು ಹೆಚ್ಚೇನೂ ಮಾಡಲಾರದು. ಬೆಳೆಯುವ ಕೋಶ ತನ್ನ ಗೋಡೆಯನ್ನು ಅಲ್ಲಲ್ಲಿ ಕತ್ತರಿಸಿ, ಹೊಸ ತುಂಡು ಹೆಣೆದು ದೊಡ್ಡದಾಗುತ್ತದೆ. ಹೀಗೆ ಹೆಣೆಯುವ ಕಿಣ್ವವನ್ನು ಪೆನಿಸಿಲಿನ್ ಕಟ್ಟಿಹಾಕುತ್ತದೆ. ಕತ್ತರಿಸುವ ಕೆಲಸ ನಡೆದೇ ಇರುತ್ತದೆ. ಗೋಡೆ ಬಲ ಕಳೆದುಕೊಂಡು, ಒಳಗಿನ ಒತ್ತಡಕ್ಕೆ ಕೋಶ ಒಡೆಯುತ್ತದೆ. ಸಾವಿನ ಅರ್ಧ ಕೆಲಸ ಬ್ಯಾಕ್ಟೀರಿಯಾದ್ದೇ! 1986ರಲ್ಲಿ ಎಲೇನ್ ಟುವೊಮನೆನ್ ಮತ್ತು ಸಂಗಡಿಗರು ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದಲ್ಲಿ ಇದನ್ನು ಅಳೆದರು. ಬೆಳೆಯುವ ವೇಗ ಎಷ್ಟೋ, ಪೆನಿಸಿಲಿನ್ ಜಾತಿಯ ಔಷಧಿಗೆ ಸಾಯುವ ವೇಗವೂ ಅದಕ್ಕೆ ತಕ್ಕಷ್ಟೇ.

ಮೂರನೇ ಪುಟದಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ಜೋಸೆಫ್ ಬಿಗರ್ ಬಂದವರೇ ಒಂದು ವಾಕ್ಯಕ್ಕೆ ಹೊರಟುಹೋಗುತ್ತಾರೆ. ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ ಅಲ್ವಾ? ಇಸವಿ 1944. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದ ದ್ರವಕ್ಕೆ ಪೆನಿಸಿಲಿನ್ ಹಾಕುತ್ತಾರೆ. ಹೆಚ್ಚುಕಡಿಮೆ ಎಲ್ಲ ಸಾಯುತ್ತವೆ, ಸುಮಾರು ಹತ್ತು ಲಕ್ಷಕ್ಕೆ ಒಂದು ಮಾತ್ರ ಉಳಿಯುತ್ತದೆ. ಉಳಿದದ್ದನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಹಾಕಿದರೆ, ಅದರ ಸಂತಾನವೂ ಮೊದಲಿನಷ್ಟೇ ಸುಲಭವಾಗಿ ಸಾಯುತ್ತದೆ. ಉಳಿದದ್ದು ಹೊಸ ತಳಿಯಲ್ಲ, ಆ ಹೊತ್ತಿಗೆ ಬೆಳೆಯದೆ ತೆಪ್ಪಗಿದ್ದ ಕೋಶ. ಬಿಗರ್ ಇವನ್ನು ಪರ್ಸಿಸ್ಟರ್ ಎಂದರು. ನೀವು ‘ರೂಪಾಂತರಗೊಂಡ ಸೂಪರ್‌ಬಗ್’ ಎಂದಿದ್ದೀರಿ. ಲೇಖನದ ದೊಡ್ಡ ತಪ್ಪು ಇದು. ಔಷಧ ನಿರೋಧಕ ಬ್ಯಾಕ್ಟೀರಿಯಾ ಔಷಧಿಯ ನಡುವೆಯೇ ಬೆಳೆಯುತ್ತದೆ. ಪರ್ಸಿಸ್ಟರ್ ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. 2004ರಲ್ಲಿ ನಥಾಲಿ ಬಲಬಾನ್ ಮತ್ತು ಸಂಗಡಿಗರು ಇ. ಕೋಲಿಯನ್ನು ಕಿರಿದಾದ ಕಾಲುವೆಗಳಲ್ಲಿ ಕೂರಿಸಿ, ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಕೋಶವನ್ನು ಕಾದು ನೋಡಿದರು. ಉಳಿದುಕೊಂಡವು ಆಂಪಿಸಿಲಿನ್ (ಪೆನಿಸಿಲಿನ್ ಜಾತಿಯದೇ) ಬರುವ ಮೊದಲೇ ಬೆಳವಣಿಗೆ ನಿಲ್ಲಿಸಿದ್ದವು ಇಲ್ಲವೇ ನಿಧಾನಿಸಿದ್ದವು. ಈ ದೃಶ್ಯಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ.

ಇನ್ನೊಂದು ಘಟನೆ ಸೇರಿಸಿ. 1951ರಲ್ಲಿ ಲೆಪ್ಪರ್ ಮತ್ತು ಡೌಲಿಂಗ್ ಎಂಬ ಅಮೆರಿಕದ ವೈದ್ಯರು ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ಬಂದ ಮಿದುಳುಪೊರೆಯ ಸೋಂಕಿನ ರೋಗಿಗಳ ಲೆಕ್ಕ ಕೊಟ್ಟರು. ಪೆನಿಸಿಲಿನ್ ಒಂದನ್ನೇ ಪಡೆದವರಿಗಿಂತ, ಜೊತೆಗೆ ಆರಿಯೋಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಕೂಡ ಪಡೆದವರಲ್ಲಿ ಸಾವು ಬಹಳ ಜಾಸ್ತಿ. ಎರಡನೆಯದು ಬೆಳವಣಿಗೆ ನಿಲ್ಲಿಸಿದರೆ ಮೊದಲನೆಯದಕ್ಕೆ ಕೆಲಸವೇ ಉಳಿಯುವುದಿಲ್ಲ.

ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಬಗೆಗಿನ ಭಾಗ ಚೆನ್ನಾಗಿದೆ. ಉಸಿರಾಟದಿಂದ ಕೋಶದ ಪೊರೆಯಲ್ಲಿ ಹುಟ್ಟುವ ವಿದ್ಯುತ್ ಸೆಳೆತವೇ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆಮ್ಲಜನಕ ಇಲ್ಲದ ಕಡೆ ಅದು ಸೋಲುತ್ತದೆ ಎಂದು ಸರಿಯಾಗಿ ಹೇಳಿದ್ದೀರಿ. ಆದರೆ ಜೇಮ್ಸ್ ಕಾಲಿನ್ಸ್ ತಂಡದ 2011ರ ಪ್ರಯೋಗದಿಂದ ‘ಸಕ್ಕರೆ ಕೊಟ್ಟರೆ ಸೋಂಕು ವಾಸಿ’ ಅನ್ನುವಲ್ಲಿಗೆ ಹಾರಿಬಿಟ್ಟಿರಿ. ಅವರು ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತು ಕೊಟ್ಟು ಜೆಂಟಾಮೈಸಿನ್‌ಗೆ ಬಲ ತುಂಬಿದ್ದು ಪ್ರಯೋಗಾಲಯದಲ್ಲಿ, ಇಲಿಗಳಲ್ಲಿ. ನಾಳೆ ಯಾರಾದರೂ ರೋಗಿಗೆ ಬೆಲ್ಲದ ನೀರು ಕುಡಿಸಿಯಾರು!

ಟಿಬಿಗೆ ಎರಡೇ ಸಾಲು ಯಾಕೆ? ಆರು ತಿಂಗಳು ಮಾತ್ರೆ ನುಂಗಿದವರು ನಮ್ಮ ಓದುಗರಲ್ಲೇ ಇದ್ದಾರೆ. ವೇಗವಾಗಿ ಬೆಳೆಯುವವನ್ನು ಐಸೋನಿಯಾಜಿಡ್ ಮೊದಲ ಕೆಲವು ದಿನಗಳಲ್ಲೇ ಮುಗಿಸುತ್ತದೆ. ಮಿಕ್ಕ ತಿಂಗಳುಗಳೆಲ್ಲ ನಿಧಾನಿಗಳ ಬೆನ್ನು ಹತ್ತಲಿಕ್ಕೆ. ಆಮ್ಲೀಯ ಜಾಗದಲ್ಲಿ ಅಡಗಿದವಕ್ಕೆ ಪಿರಾಜಿನಮೈಡ್, ಆಗೀಗ ಎಚ್ಚೆತ್ತು ಬೆಳೆಯುವವಕ್ಕೆ ರಿಫಾಂಪಿಸಿನ್. ಕೆಮ್ಮು ನಿಂತ ಮೇಲೂ ಮಾತ್ರೆ ಯಾಕೆ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಕೊನೆಯದಾಗಿ, ‘ಎಲ್ಲ ಆಂಟಿಬಯಾಟಿಕ್‌ಗಳೂ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಿಂದಲೇ ಕೊಲ್ಲುತ್ತವೆ ಎನ್ನಲಾಗಿದೆ’ ಎಂಬ ವಾಕ್ಯ. (ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅಂದರೆ ಕೋಶವನ್ನು ಹಾಳುಗೆಡವುವ, ಆಮ್ಲಜನಕವಿರುವ ಒಂದು ಉಗ್ರ ಕಣ.) 2007ರಲ್ಲಿ ಕಾಲಿನ್ಸ್ ತಂಡ ಹೇಳಿದ್ದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಗಳ ಬಗ್ಗೆ ಮಾತ್ರ, ಬರೀ ಬೆಳವಣಿಗೆ ನಿಲ್ಲಿಸುವವುಗಳ ಬಗ್ಗೆ ಅಲ್ಲ. 2013ರಲ್ಲಿ ಎರಡು ಪ್ರಯೋಗಾಲಯಗಳು ಅದನ್ನೂ ಒಪ್ಪಲಿಲ್ಲ. ಆ ಜಗಳವನ್ನು ಹೆಸರು ಹಿಡಿದೇ ಬರೆಯಿರಿ, ಇಲ್ಲವೇ ಆ ವಾಕ್ಯ ಬಿಡಿ. ಸಾವಿರ ಪದದೊಳಗೆ ಮುಗಿಸಿ ಕಳಿಸಿ. ಶೀರ್ಷಿಕೆ ನಾನು ನೋಡಿಕೊಳ್ಳುತ್ತೇನೆ.