ನ್ಯೂಯಾರ್ಕ್ ನಗರವು ತನ್ನ ಕಸವನ್ನು ಸಮುದ್ರಕ್ಕೆ ಸುರಿಯುವುದನ್ನು ನಿಲ್ಲಿಸಿದ್ದೇಕೆ?

ನೆರೆಯ ನ್ಯೂಜೆರ್ಸಿ ರಾಜ್ಯವು ಹೂಡಿದ್ದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1931ರಲ್ಲಿ ನೀಡಿದ ತೀರ್ಪೇ ಇದಕ್ಕೆ ನೇರ ಕಾರಣ. ನಗರಾಡಳಿತವು ಸಂಗ್ರಹಿಸಿದ ಕಸವನ್ನು ಕಡಲಿಗೆ ಹಾಕುವ ಪದ್ಧತಿ 1934ರಲ್ಲಿ ಕೊನೆಗೊಂಡಿತು.

ಅಲ್ಲಿಯವರೆಗೆ ಕಸವನ್ನು ಬಾರ್ಜುಗಳಲ್ಲಿ, ಅಂದರೆ ಚಪ್ಪಟೆ ತಳದ ಸರಕು ದೋಣಿಗಳಲ್ಲಿ ತುಂಬಿ, ದಡದಿಂದ ಮೈಲುಗಟ್ಟಲೆ ದೂರ ಎಳೆದೊಯ್ದು ಸುರಿಯಲಾಗುತ್ತಿತ್ತು. ಭಾರವಾದದ್ದು ಮುಳುಗುತ್ತಿತ್ತು, ಹಗುರವಾದದ್ದು ಮಾತ್ರ ತೇಲುತ್ತ, ಗಾಳಿ ಮತ್ತು ನೀರಿನ ಸೆಳೆತಕ್ಕೆ ಸಿಕ್ಕಿ ನ್ಯೂಜೆರ್ಸಿಯ ತೀರಕ್ಕೆ ಬಂದು ಸಾಲುಸಾಲಾಗಿ ರಾಶಿ ಬೀಳುತ್ತಿತ್ತು. ಇದರಿಂದ ಮೀನುಗಾರರ ಬಲೆಗಳು ಹಾಳಾಗುತ್ತಿದ್ದವು, ಸಮುದ್ರಸ್ನಾನಕ್ಕೆ ಬಂದವರು ನೀರಿಗಿಳಿಯುವಂತಿರಲಿಲ್ಲ, ದಡದ ಊರುಗಳವರು ತಮ್ಮದಲ್ಲದ ಕಸವನ್ನು ಬಳಿದು ಸಾಗಿಸಬೇಕಾಗುತ್ತಿತ್ತು.

ಕಸ ಸುರಿದ ಜಾಗವು ದೇಶದ ಜಲಗಡಿಯ ಆಚೆಗಿದೆ, ಆದ್ದರಿಂದ ನ್ಯಾಯಾಲಯಕ್ಕೆ ಅಧಿಕಾರವಿಲ್ಲ ಎಂದು ನಗರವು ವಾದಿಸಿತು. ಎಲ್ಲಿ ಸುರಿದರೆಂಬುದಲ್ಲ, ಹಾನಿ ಎಲ್ಲಿ ಆಯಿತೆಂಬುದೇ ಮುಖ್ಯ ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಇದೇ. ಕಸ ಸುಡುವ ಕುಲುಮೆಗಳನ್ನು ಕಟ್ಟಿಕೊಳ್ಳಲು ನಗರಕ್ಕೆ ಕಾಲಾವಕಾಶ ಬೇಕಿತ್ತಾದ್ದರಿಂದ ನಿಷೇಧವು ತಕ್ಷಣ ಜಾರಿಗೆ ಬರಲಿಲ್ಲ. ಕೈಗಾರಿಕೆ ಮತ್ತು ವ್ಯಾಪಾರದ ತ್ಯಾಜ್ಯವಂತೂ ಈ ನಿಷೇಧದ ಹೊರಗೇ ಉಳಿಯಿತು.