‘ದೊಡ್ಡವನಾದ್ಮೇಲೆ ತಾನೇ ಇಳಿಯುತ್ತೆ’ ಎಂದು ಕಾಯುತ್ತಿದ್ದ ಮನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆ. ಗಂಡುಮಗುವಿಗೆ 14 ತಿಂಗಳು. ಬಲಗಡೆಯ ಬೀಜ (ವೃಷಣ) ಚೀಲಕ್ಕೆ ಇಳಿದಿಲ್ಲ. ದಾವಣಗೆರೆಯ ಮಕ್ಕಳ ಡಾಕ್ಟರು ಆಪರೇಷನ್ ಮಾಡಿಸಿ ಅಂದಿದ್ದರು. ತಾಯಿ ನನ್ನ ಮುಂದೆ ಕೂತು ಕೇಳಿದ್ದು ಬೇರೆಯೇ: “ನನ್ನಿಂದ ಹೀಗಾಯ್ತಾ ಮೇಡಂ?” ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದರಂತೆ. ಅತ್ತೆ ಅದನ್ನೇ ಎತ್ತಿ ಆಡುತ್ತಿದ್ದರು. ಗಂಡ ಸುಮ್ನೆ ಇರುತ್ತಿದ್ದರು.

ಆಪರೇಷನ್ ಮಾತು ಆಮೇಲೆ, ಮೊದಲು ಈ ಭಾರ ಇಳಿಯಬೇಕಿತ್ತು. ಮಗು ಗರ್ಭದಲ್ಲಿದ್ದಾಗ ಬೀಜಗಳು ಅದರ ಹೊಟ್ಟೆಯೊಳಗೇ ಇರುತ್ತವೆ. ಹುಟ್ಟುವ ಹೊತ್ತಿಗೆ ತೊಡೆಸಂದಿನ ದಾರಿಯಲ್ಲಿ ಕೆಳಗೆ ಇಳಿಯುತ್ತವೆ. ದಿನ ತುಂಬಿ ಹುಟ್ಟಿದ 100 ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಹುಟ್ಟುವಾಗ ಪೂರ್ತಿ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವರಲ್ಲಿ ಇನ್ನೂ ಜಾಸ್ತಿ. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಕೇಳಿ ಆಕೆ ಅತ್ತುಬಿಟ್ಟರು.

ಮುಂದಿನ ಸಲ ಮೂವರನ್ನೂ ಕರೆಸಿದೆ. “ಇವನ ದೊಡ್ಡಪ್ಪನಿಗೂ ಹಿಂಗೇ ಇತ್ತು, ಆಮೇಲೆ ಸರಿಹೋಯ್ತು. ಎಳೇ ಕೂಸಿಗೆ ಯಾಕಮ್ಮ ಕೊಯ್ಯೋದು?” ಎಂದರು ಅಜ್ಜಿ. ಅವರು ಕಂಡಿದ್ದು ನಿಜವೇ ಇರಬಹುದು. ಕೆಲವು ಮಕ್ಕಳಲ್ಲಿ ಬೀಜ ಚಳಿಗೆ ಮೇಲೆ ಸರಿದು, ಬಿಸಿನೀರಲ್ಲಿ ಕೂರಿಸಿದರೆ ಕೆಳಗೆ ಬರುತ್ತೆ. ಅದಕ್ಕೆ ಆಪರೇಷನ್ ಬೇಡ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಈ ಮಗುವಿನದು ಅದಲ್ಲ ಎಂದು ಡಾಕ್ಟರು ಮುಟ್ಟಿ ನೋಡಿಯೇ ಹೇಳಿದ್ದರು. ಆರು ತಿಂಗಳೊಳಗೆ ಇಳಿಯದ್ದು ಆಮೇಲೆ ತಾನಾಗಿ ಇಳಿಯುವುದು ಅಪರೂಪ. ಮೈಯೊಳಗಿನ ಕಾವಿಗೆ ಬೀಜ ಸೊರಗುತ್ತೆ. ಅದಕ್ಕೇ 6ರಿಂದ 18 ತಿಂಗಳೊಳಗೆ ಆಪರೇಷನ್ ಮುಗಿಸಬೇಕು ಅನ್ನುವುದು. ತಡವಾದಷ್ಟೂ ಮುಂದೆ ಮಕ್ಕಳಾಗಲು ತೊಂದರೆ, ಬೀಜದ ಕ್ಯಾನ್ಸರ್ ಅಪಾಯ ಹೆಚ್ಚು.

ಆಗ ಅಪ್ಪ ಬಾಯಿಬಿಟ್ಟರು. “ಇವನಿಗೆ ಮುಂದೆ ಮಕ್ಕಳಾಗುತ್ತಾ?” ಅಷ್ಟು ದಿನದ ಮೌನದ ಹಿಂದೆ ಇದ್ದದ್ದು ಈ ಭಯ. ಒಂದೇ ಕಡೆ ತೊಂದರೆ ಇದ್ದವರಲ್ಲಿ ಹೆಚ್ಚಿನವರು ಅಪ್ಪಂದಿರಾಗುತ್ತಾರೆ ಎಂದೆ. ಎರಡೂ ಕಡೆ ಇಳಿಯದಿದ್ದರೆ ಚಿಂತೆ ಹೆಚ್ಚು, ಆಗಂತೂ ತಡ ಮಾಡಲೇಬಾರದು.

ನಾನು ಕೊಟ್ಟ ಸಲಹೆ ಇಷ್ಟು. ಎಣ್ಣೆ ತಿಕ್ಕಿ, ಒತ್ತಿ ಇಳಿಸಲು ಹೋಗಬೇಡಿ. ಮಕ್ಕಳ ಸರ್ಜನ್ ಹತ್ತಿರ ಈ ತಿಂಗಳೇ ಹೋಗಿ. ಅರಿವಳಿಕೆ ಕೊಟ್ಟು, ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ ಬೀಜವನ್ನು ಚೀಲದಲ್ಲಿ ಕೂರಿಸುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಮಗುವಿನ ಮುಂದೆ ಇದನ್ನು ಕೊರತೆಯಂತೆ ಆಡಬೇಡಿ, ಆದರೆ ಮುಚ್ಚಿಡಲೂ ಬೇಡಿ. ಹರೆಯಕ್ಕೆ ಬಂದಾಗ ಅಪ್ಪನೇ ಅವನಿಗೆ ಹೇಳಬೇಕು: ಆಗಾಗ ಮುಟ್ಟಿ ನೋಡಿಕೋ, ಗಂಟು ಸಿಕ್ಕರೆ ಡಾಕ್ಟರಿಗೆ ತೋರಿಸು ಅಂತ.