ಹೊಸಬರೂ ಪಳಗಿದವರೂ ಒಟ್ಟಿಗೆ ಗಾಲ್ಫ್ ಆಡಿದರೆ ಪೈಪೋಟಿ ಸಮ ಆಗೋದು ಹೇಗೆ?

ಚಿಕ್ಕಮಗಳೂರಿನ ನಮ್ಮ ಭಾನುವಾರದ ಗುಂಪಿನಲ್ಲಿ ಇಪ್ಪತ್ತು ವರ್ಷದಿಂದ ಆಡುವ ಕಾಫಿ ತೋಟದವರೂ ಇದ್ದಾರೆ, ಹೋದ ವರ್ಷ ಕಲಿತವರೂ ಇದ್ದಾರೆ. ನಾವು ಬಳಸುವುದು ಸ್ಟೇಬಲ್‌ಫೋರ್ಡ್ ಪದ್ಧತಿ.

ಇದರಲ್ಲಿ ಒಟ್ಟು ಹೊಡೆತ ಎಣಿಸುವುದಿಲ್ಲ, ಪ್ರತಿ ಹೋಲಿಗೂ (ಚೆಂಡು ಬೀಳಿಸಬೇಕಾದ ಒಂದೊಂದು ಕುಳಿಗೂ) ಪಾಯಿಂಟ್. ಪಾರ್ (ಆ ಹೋಲಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಮಾಡಿದರೆ 2, ಒಂದು ಹೊಡೆತ ಜಾಸ್ತಿಯಾದರೆ 1, ಒಂದು ಕಡಿಮೆಯಾದರೆ 3. ಪಾರ್‌ಗಿಂತ ಎರಡೋ ಇನ್ನೂ ಹೆಚ್ಚೋ ಹೊಡೆತ ಜಾಸ್ತಿಯಾದರೆ ಸೊನ್ನೆ. ಆದರೆ ಮೊದಲು ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ನೋಡಿ ಕೊಡುವ ವಿನಾಯಿತಿ ಹೊಡೆತಗಳ ಸಂಖ್ಯೆ) ಕಳೆಯಬೇಕು. ಆಟವನ್ನು ಸಮ ಮಾಡೋದು ಇದೇ. ಹ್ಯಾಂಡಿಕ್ಯಾಪ್ 18 ಇದ್ದವರಿಗೆ ಪ್ರತಿ ಹೋಲಿನಲ್ಲೂ ಒಂದು ಹೊಡೆತ ವಿನಾಯಿತಿ. 6 ಇದ್ದವರಿಗೆ ಅತಿ ಕಷ್ಟದ ಆರು ಹೋಲುಗಳಲ್ಲಿ ಮಾತ್ರ. ಹಾಗಾಗಿ ಪಾರ್ 4ರ ಹೋಲಿನಲ್ಲಿ 18ರವರು 5 ಹೊಡೆದರೂ ಅದು 4 ಅಂತಲೇ ಲೆಕ್ಕ, 2 ಪಾಯಿಂಟ್.

ಒಂದು ಕೆಟ್ಟ ಹೋಲು ಇಡೀ ದಿನ ಕೆಡಿಸುವುದಿಲ್ಲ, ನನಗೆ ಬಹಳ ಹಿಡಿಸಿದ್ದು ಇದು. ಮೊನ್ನೆ ಅಂಥದ್ದೇ ಪಾರ್ 4ರಲ್ಲಿ ಹ್ಯಾಂಡಿಕ್ಯಾಪ್ 18ರ ಹುಡುಗನೊಬ್ಬನ ಚೆಂಡು ಎರಡು ಸಲ ಪೊದೆಗೆ ಹೋಯಿತು. ಆರು ಹೊಡೆತ ಮುಗಿದರೂ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ದೂರವೇ ಇತ್ತು. ಚೆಂಡು ಎತ್ತಿಕೊಂಡು ಸೊನ್ನೆ ಬರೆಸಿದ. ಮುಂದಿನ ಹೋಲಿನಲ್ಲೇ 3 ಪಡೆದ!

ಹ್ಯಾಂಡಿಕ್ಯಾಪ್ ಮಾತ್ರ ಪ್ರಾಮಾಣಿಕವಾಗಿರಬೇಕು ಅಲ್ವಾ? 18 ಹೋಲಿಗೆ 36 ಪಾಯಿಂಟ್ ಬಂದರೆ ಮಟ್ಟಕ್ಕೆ ತಕ್ಕ ಆಟ. ಯಾರಾದರೂ ಪದೇ ಪದೇ 40 ದಾಟಿದರೆ ಅವರ ಹ್ಯಾಂಡಿಕ್ಯಾಪ್ ಇಳಿಸುತ್ತೇವೆ.